ಹಿಟ್ಟು ಬೇಡದ ಶೇಂಗಾ ಬಿಸ್ಕಿಟು: ಗಟ್ಟಿ ಕಾಳು ಮನೆಗೂ ಇರಲಿ

ಸುಗ್ಗಿ ಮುಗಿದ ಮೇಲೆ ನಿಮ್ಮ ಮನೆಯಲ್ಲಿ ಉಳಿಯುವ ಶೇಂಗಾ ಎಂಥದು? ಒಮ್ಮೆ ಯೋಚಿಸಿ ನೋಡಿರಿ. ಗಟ್ಟಿ ಕಾಯಿ ತುಂಬಿದ ಚೀಲಗಳು ಗದಗ, ಲಕ್ಷ್ಮೇಶ್ವರ, ಮುಂಡರಗಿ ಪೇಟೆಗೆ ಹೋಗುತ್ತವೆ. ಮನೆಗೆ ಉಳಿಯುವುದು ಕೇರುವಾಗ ಬೇರೆಯಾದ ಜೊಳ್ಳು, ಕೀಳುವಾಗ ಕುಂಟೆಯ ಕುಡಕ್ಕೆ ಸಿಕ್ಕು ಒಡೆದ ಕಾಯಿ, ಆಮೇಲೆ ಹೊಲದಲ್ಲಿ ಹಕ್ಕಲು ಆಯ್ದದ್ದು. ಚಟ್ನಿಗೂ ಅದೇ, ಉಂಡಿಗೂ ಅದೇ. ಕೈಯಲ್ಲಿ ದುಡ್ಡಿಲ್ಲದ ಕಾಲದಿಂದ ಬಂದ ರೂಢಿ ಇದು. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಆದರೆ ಈ ವಾರ ನಾವು ಹೇಳಹೊರಟಿರುವ ತಿನಿಸಿಗೆ ಈ ರೂಢಿ ಸಲ್ಲದು.

ಆ ತಿನಿಸೆಂದರೆ ಶೇಂಗಾ ಬಿಸ್ಕಿಟು. ಇದಕ್ಕೆ ಮೈದಾ ಬೇಡ, ಗೋಧಿಹಿಟ್ಟು ಬೇಡ, ಡಾಲ್ಡಾ ಬೇಡ. ಹುರಿದ ಶೇಂಗಾವನ್ನು ಅದರದೇ ಎಣ್ಣೆಯಲ್ಲಿ ಬೆಣ್ಣೆಯಂತೆ ಅರೆದು, ಬೆಲ್ಲ ಬೆರೆಸಿ ಬೇಯಿಸಿದರೆ ಮುಗಿಯಿತು. ಹಿಟ್ಟಿಲ್ಲದೆ ಬಿಸ್ಕಿಟು ನಿಲ್ಲುವುದು ಹೇಗೆ ಎಂದು ನೀವು ಕೇಳಬಹುದು. ಅಂಗಡಿಯ ಬಿಸ್ಕಿಟಿನಲ್ಲಿ ಹಿಟ್ಟು ಅದರ ಮೈ. ಬಾಯಲ್ಲಿ ಮೆತ್ತಗೆ ಪುಡಿಯಾಗಲೆಂದು ಡಾಲ್ಡಾ. ಶೇಂಗಾ ಕಾಳಿನಲ್ಲಿ ಎರಡೂ ಇವೆ. ಕಾಳಿನ ತೂಕದ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆ, ಕಾಲು ಭಾಗದಷ್ಟು ಪ್ರೋಟೀನು. ಬೆಲ್ಲ ಬಿಸಿಗೆ ಕರಗಿ, ಆರಿದಾಗ ಬಿಗಿಯುತ್ತದೆ. ಕಾಳಿನ ನುಣ್ಣನೆ ಪುಡಿಯನ್ನು ಹಿಡಿದು ನಿಲ್ಲಿಸುತ್ತದೆ.

ನಮ್ಮ ತಾಯಂದಿರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ನಾಗರ ಪಂಚಮಿಗೆ ಶೇಂಗಾ ಉಂಡಿ ಕಟ್ಟುವಾಗ ಹುರಿದ ಕಾಳನ್ನು ಬೆಲ್ಲದೊಡನೆ ಒರಳಲ್ಲಿ ಕುಟ್ಟಿ ಕುಟ್ಟಿ, ಎಣ್ಣೆ ಬಿಡುವ ಹೊತ್ತು ನೋಡಿ ಕೈಗೆ ತೆಗೆದುಕೊಳ್ಳುತ್ತಾರೆ. ಆ ಉಂಡಿಗೆ ತುಪ್ಪವೂ ಬೇಡ, ಪಾಕವೂ ಬೇಡ. ಅದೇ ಉಂಡಿಯನ್ನು ಇನ್ನಷ್ಟು ನುಣ್ಣಗೆ ಅರೆದು, ಚಪ್ಪಟೆ ಮಾಡಿ, ಬಿಸಿಗಿಟ್ಟರೆ ಬಿಸ್ಕಿಟು. (ಬೆಂಗಳೂರು ಕಡೆಯ ಓದುಗರು ಶೇಂಗಾ ಎಂದಲ್ಲಿ ಕಡಲೆಕಾಯಿ ಎಂದು ಓದಿಕೊಳ್ಳಲಿ.)

ಬೆಳೆದವನೇ ಶೇಂಗಾ ತಿನ್ನಬೇಕೆಂದು ಹಟ ಹಿಡಿದು ಹೇಳಿದವರಲ್ಲಿ ಅಮೆರಿಕದ ಟಸ್ಕಿಗೀ ಸಂಸ್ಥೆಯ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಮುಖ್ಯರು. ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಅವರು. ವರ್ಷ ವರ್ಷವೂ ಹತ್ತಿ ಬೆಳೆದು ಸವೆದುಹೋದ ಹೊಲಗಳಿಗೆ ಶೇಂಗಾ ಹಾಕಿಸಿದರು. 1916ರಲ್ಲಿ ಶೇಂಗಾ ಬೆಳೆಯುವ ಬಗೆಯನ್ನೂ ಅದರಿಂದ 105 ಅಡಿಗೆ ಮಾಡುವ ಬಗೆಯನ್ನೂ ಹೇಳುವ ಕೈಪಿಡಿಯನ್ನು ಬಡ ರೈತರಿಗಾಗಿ ಹೊರತಂದರು. ಅದರಲ್ಲಿ ಶೇಂಗಾ ಬಿಸ್ಕಿಟುಗಳೂ ಇದ್ದವು. ಅವಕ್ಕೆ ಹಿಟ್ಟು ಬೇಕಿತ್ತು. ಹತ್ತಿಯನ್ನೂ ಶೇಂಗಾವನ್ನೂ ಅಕ್ಕಪಕ್ಕ ಬೆಳೆಯುವ ನಮ್ಮ ಸೀಮೆಗೆ ಕಾರ್ವರರ ಮಾತು ಇಂದಿಗೂ ಒಪ್ಪುತ್ತದೆ.

ಮೊದಲು ಕಾಳು ಆರಿಸಿರಿ

ಬಿಸ್ಕಿಟಿನ ಮುಕ್ಕಾಲು ಕೆಲಸ ಒಲೆಯ ಮುಂದಲ್ಲ, ಮೊರದ ಮುಂದೆ. ಇದರಲ್ಲಿ ಹಿಟ್ಟಿಲ್ಲವಾದ್ದರಿಂದ ಕಾಳಿನ ಗುಣವೇ ತಿನಿಸಿನ ಗುಣ, ಕಾಳಿನ ದೋಷವೇ ತಿನಿಸಿನ ದೋಷ. ಆ ದೋಷಗಳಲ್ಲಿ ಒಂದು ಪ್ರಾಣಕ್ಕೇ ಕುತ್ತು ತರುವಂಥದು.

ಶೇಂಗಾ ಕಾಯಿಗೆ ಹಳದಿ ಮಿಶ್ರಿತ ಹಸಿರು ಬೂಷ್ಟು ಹಿಡಿಯುವುದನ್ನು ನೀವು ಕಂಡಿದ್ದೀರಿ. ಆಸ್ಪರ್ಜಿಲಸ್ ಜಾತಿಯ ಈ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಕಾಳಿನೊಳಗೆ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಬಿದ್ದವು. ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಯೇ ಕಾರಣವೆಂದು ಪತ್ತೆಯಾದಾಗ ಜಗತ್ತಿಗೆ ಈ ವಿಷದ ಪರಿಚಯವಾಯಿತು. ನಮ್ಮ ದೇಶದಲ್ಲಿಯೂ 1974ರಲ್ಲಿ ಗುಜರಾತ, ರಾಜಸ್ಥಾನಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ಸತ್ತರು. ಅಂಥ ಒಂದೇ ಏಟಿನ ಸಾವು ಅಪರೂಪ. ದಿನವೂ ಸ್ವಲ್ಪ ಸ್ವಲ್ಪವಾಗಿ ಹೊಟ್ಟೆಗೆ ಹೋಗುವುದೇ ಹೆಚ್ಚು. ಅದು ಯಕೃತ್ತನ್ನು ಕೆಡಿಸುತ್ತದೆ, ಮುಂದೆ ಯಕೃತ್ತಿನ ಕ್ಯಾನ್ಸರಿಗೂ ದಾರಿಯಾಗುತ್ತದೆ.

ಹುರಿದರೆ ವಿಷ ಹೋಗುತ್ತದಲ್ಲ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಹುರಿಯುವ ಬಿಸಿಗೆ ಬೂಷ್ಟು ಸಾಯುತ್ತದೆ, ವಿಷ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ಬಿಸ್ಕಿಟು ಬೇಯುವ ಬಿಸಿಗಂತೂ ಅದು ಅಲುಗುವುದಿಲ್ಲ. ಇನ್ನೊಂದು ಮಾತು: ಇಡೀ ಕಾಳನ್ನು ತಿನ್ನುವಾಗ ಕಹಿಯೆನಿಸಿದರೆ ಉಗುಳಬಹುದು, ಬಣ್ಣ ಕೆಟ್ಟಿದ್ದರೆ ಎಸೆಯಬಹುದು. ಅರೆದು ಬೆಲ್ಲ ಹಾಕಿದ ಮೇಲೆ ಯಾವ ಕಣ್ಣಿಗೂ ಕಾಣುವುದಿಲ್ಲ, ಯಾವ ನಾಲಗೆಗೂ ತಿಳಿಯುವುದಿಲ್ಲ. ತಿನ್ನುವವರು ಮಕ್ಕಳು.

ಆದುದರಿಂದ ಹಗಲು ಬೆಳಕಿನಲ್ಲಿ ಕುಳಿತು ಕಾಳು ಆರಿಸಿರಿ. ಸುಕ್ಕುಗಟ್ಟಿದ್ದು, ಕಪ್ಪು ಬಿದ್ದದ್ದು, ಹುಳ ಕೊರೆದದ್ದು, ಮೊಳಕೆ ಒಡೆದದ್ದು, ಬೂಷ್ಟಿನ ಗುರುತಿದ್ದದ್ದು, ಎಲ್ಲವನ್ನೂ ತೆಗೆಯಿರಿ. ವಿಷ ಎಲ್ಲ ಕಾಳುಗಳಲ್ಲಿ ಸಮನಾಗಿ ಹರಡಿರುವುದಿಲ್ಲ. ಹೆಚ್ಚಿನ ಪಾಲು ಇಂಥ ಕೆಲವೇ ಕಾಳುಗಳಲ್ಲಿ ಕೂಡಿರುತ್ತದೆ. ಹೀಗಾಗಿ ಕೈಯಿಂದ ಆರಿಸುವಷ್ಟು ಅಗ್ಗದ, ಫಲಕಾರಿಯಾದ ಉಪಾಯ ಇನ್ನೊಂದಿಲ್ಲ. ಹುರಿದು ಸಿಪ್ಪೆ ತೆಗೆದ ಮೇಲೆ ಮತ್ತೊಮ್ಮೆ ಕಣ್ಣಾಡಿಸಿರಿ. ಸಿಪ್ಪೆಯಡಿ ಮರೆಯಾಗಿದ್ದ ಕಂದು ಕಾಳು ಆಗ ಸಿಕ್ಕುತ್ತದೆ. ತೆಗೆದದ್ದನ್ನು ಎಮ್ಮೆಗೋ ಕೋಳಿಗೋ ಹಾಕಬೇಡಿರಿ. ಎಮ್ಮೆಗೆ ಹಾಕಿದರೆ ವಿಷದ ಒಂದು ಪಾಲು ಹಾಲಿನಲ್ಲಿ ನಿಮ್ಮ ಮನೆಗೇ ತಿರುಗಿ ಬರುತ್ತದೆ. ನೆಲದಲ್ಲಿ ಹೂತುಬಿಡಿರಿ.

ಹಕ್ಕಲು ಶೇಂಗಾದ ಬಗ್ಗೆ ಬರೆಯುವಾಗ ಕೈ ಹಿಂಜರಿಯುತ್ತದೆ. ಭೂಮಿ ಇಲ್ಲದವರಿಗೆ ಅದೇ ಸುಗ್ಗಿ. ಆದರೆ ಬಳ್ಳಿ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದು, ವಾರಗಟ್ಟಲೆ ಕಳೆದು ಕೈಗೆ ಬಂದ ಕಾಯಿಯಲ್ಲಿ ಬೂಷ್ಟಿನ ಭಯ ಎಲ್ಲಕ್ಕಿಂತ ಹೆಚ್ಚು. ಕಿತ್ತ ದಿನವೇ ಆಯ್ದು, ಆಯ್ದ ದಿನವೇ ಒಣಹಾಕಿದರೆ ಭಯ ಕಡಿಮೆ. ಹೊಲದ ಒಡೆಯರು ಹಕ್ಕಲಿಗೆ ಬೇಗ ಬಿಟ್ಟುಕೊಟ್ಟರೆ ಅದೊಂದು ದೊಡ್ಡ ಉಪಕಾರವೇ ಸರಿ.

ಬೇಕಾಗುವ ಸಾಮಾನು

ಆರಿಸಿದ ಶೇಂಗಾ ಕಾಳು ಕಾಲು ಕಿಲೊ (ಸುಮಾರು 350 ಗ್ರಾಂ ಕಾಯಿ ಒಡೆದರೆ ಇಷ್ಟು ಕಾಳು ಬರುತ್ತದೆ), ಒಣ ಬೆಲ್ಲದ ಪುಡಿ 150 ಗ್ರಾಂ, ಒಂದು ದೊಡ್ಡ ಚಮಚ ಅಗಸಿ ಪುಡಿ, ಚಿಟಿಕೆ ಉಪ್ಪು, ಚಿಟಿಕೆ ಅಡಿಗೆ ಸೋಡಾ, ಎರಡು ಯಾಲಕ್ಕಿ. ಇದರಿಂದ ಇಪ್ಪತ್ತು ಇಪ್ಪತ್ತೈದು ಬಿಸ್ಕಿಟು ಆಗುತ್ತವೆ.

ಅಗಸಿ ಏಕೆಂದರೆ, ಪರದೇಶಗಳಲ್ಲಿ ಈ ಬಿಸ್ಕಿಟನ್ನು ಹಿಡಿದು ನಿಲ್ಲಿಸಲು ಒಂದು ತತ್ತಿ ಒಡೆದು ಹಾಕುತ್ತಾರೆ. ತತ್ತಿ ತಿನ್ನುವ ಮನೆಯವರು ಹಾಗೆಯೇ ಮಾಡಬಹುದು. ತಿನ್ನದವರಿಗೆ ಅಗಸಿ ಇದೆ. ಹುರಿಯದ ಅಗಸಿಯ ಪುಡಿಯನ್ನು ಮೂರು ದೊಡ್ಡ ಚಮಚ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ತತ್ತಿಯ ಬಿಳಿಯಂತೆ ಲೋಳೆಯಾಗುತ್ತದೆ. ಶಿರಹಟ್ಟಿ, ಮುಂಡರಗಿಯ ಮಸಾರಿ ಹೊಲದ ಶೇಂಗಾ, ಎರಿ ಹೊಲದ ಅಗಸಿ, ಎರಡೂ ಒಂದೇ ತಾಟಿನಲ್ಲಿ ಕೂಡಿದಂತಾಯಿತು.

ಮಾಡುವ ವಿಧಾನ

ಕಾಳನ್ನು ಸಣ್ಣ ಉರಿಯ ಮೇಲೆ ಕೈಬಿಡದೆ ಹುರಿಯಿರಿ. ಸಿಪ್ಪೆ ಚಿಟಿಲೆಂದು ಬಿರಿದು, ಒಳಗಿನ ಬೇಳೆ ತಿಳಿ ಹೊಂಬಣ್ಣಕ್ಕೆ ಬಂದಾಗ ಇಳಿಸಿ. ಉಜ್ಜಿ, ಕೇರಿ, ಸಿಪ್ಪೆ ತೆಗೆಯಿರಿ. ಬೆಚ್ಚಗಿರುವಾಗಲೇ ಮಿಕ್ಸರಿನ ಒಣ ಪಾತ್ರೆಗೆ ಹಾಕಿ ಅರೆಯಿರಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಗೋಡೆಗೆ ಅಂಟಿ ಮುದ್ದೆಯಾಗುತ್ತದೆ. ಹಲವರು ಇಲ್ಲಿಗೇ ಸೋತು ನೀರು ಹಾಕುತ್ತಾರೆ. ಹಾಕಬೇಡಿರಿ! ಒಂದು ಹನಿ ನೀರು ಬಿದ್ದರೂ ಗಟ್ಟಿಯಾಗಿ ಕುಳಿತುಬಿಡುತ್ತದೆ. ಚಮಚದಿಂದ ಕೆರೆದು, ಮೋಟಾರು ಆರಲು ಎರಡು ನಿಮಿಷ ಬಿಟ್ಟು, ಮತ್ತೆ ತಿರುಗಿಸಿರಿ. ಎಣ್ಣೆ ಬಿಟ್ಟುಕೊಂಡು ಮಜ್ಜಿಗೆಯಿಂದ ಆಗಷ್ಟೇ ತೆಗೆದ ಬೆಣ್ಣೆಯಂತೆ ಹೊಳೆಯತೊಡಗುತ್ತದೆ. ಒರಳಲ್ಲಿ ಕುಟ್ಟಿಯೂ ಮಾಡಬಹುದು. ರಟ್ಟೆಯಲ್ಲಿ ಶಕ್ತಿ ಬೇಕು, ಅಷ್ಟೆ.

ಈ ಶೇಂಗಾ ಬೆಣ್ಣೆಗೆ ಜರಡಿ ಹಿಡಿದ ಬೆಲ್ಲ, ಅಗಸಿ ಲೋಳೆ, ಉಪ್ಪು, ಸೋಡಾ, ಯಾಲಕ್ಕಿ ಪುಡಿ ಸೇರಿಸಿ ನಾದಿರಿ. ಬೆಲ್ಲ ಒಣಗಿರಬೇಕು. ಜಿನುಗುವ ಬೆಲ್ಲ ಹಾಕಿದರೆ ಬಿಸ್ಕಿಟು ತಾಟಿನ ತುಂಬ ಹರಿದು ಒಂದೇ ರೊಟ್ಟಿಯಾಗುತ್ತದೆ. ನೆಲ್ಲಿಕಾಯಿ ಗಾತ್ರದ ಉಂಡಿ ಮಾಡಿ, ಎಣ್ಣೆ ಸವರಿದ ತಾಟಿನಲ್ಲಿ ಎರಡು ಬೆರಳು ಅಂತರ ಬಿಟ್ಟು ಇಟ್ಟು, ಚಮಚದ ಬೆನ್ನಿನಿಂದ ಒತ್ತಿರಿ.

ಓವನ್ ಇದ್ದವರು 170 ಡಿಗ್ರಿ ಬಿಸಿಯಲ್ಲಿ ಹನ್ನೆರಡು ನಿಮಿಷ ಇಟ್ಟರೆ ಸಾಕು. ಇಲ್ಲದವರು ದಪ್ಪ ತಳದ ಬೋಗುಣಿಯಲ್ಲಿ ಎರಡು ಬೆರಳು ದಪ್ಪ ಒಣ ಉಸುಕು ಅಥವಾ ಕಲ್ಲುಪ್ಪು ಹರಡಿ, ಮುಚ್ಚಿ, ಹತ್ತು ನಿಮಿಷ ಕಾಯಿಸಬೇಕು. ಒಳಗೆ ಸಣ್ಣ ಸ್ಟ್ಯಾಂಡಿಟ್ಟು ಅದರ ಮೇಲೆ ತಾಟು ಇಟ್ಟು, ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೈದು ಹದಿನೆಂಟು ನಿಮಿಷ ಬಿಡಿರಿ. ಹಿಂದೆ ದೀಪಾವಳಿಗೆ ಮನೆಯ ಹಿಟ್ಟು, ತುಪ್ಪ, ಸಕ್ಕರೆ ಒಯ್ದು ಬೇಕರಿಯ ಭಟ್ಟಿಯಲ್ಲಿ ನಾನಖಟಾಯಿ ಮಾಡಿಸಿ ತರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಪರಿಚಯದ ಬೇಕರಿಯವರು ಒಪ್ಪಿದರೆ ಇದನ್ನೂ ಹಾಗೆಯೇ ಬೇಯಿಸಿಕೊಳ್ಳಬಹುದು.

ಎಲ್ಲರೂ ಮಾಡುವ ತಪ್ಪೊಂದಿದೆ, ನಾವೂ ಮೊದಲ ಸಲ ಮಾಡಿದೆವು. ಅಂಚು ಕೆಂಪಾದಾಗ ತೆಗೆದು ಮುಟ್ಟಿ ನೋಡಿದರೆ ಬಿಸ್ಕಿಟು ಮೆತ್ತಗೆ. ಬೆಂದಿಲ್ಲವೆಂದು ಇನ್ನೂ ಹತ್ತು ನಿಮಿಷ ಇಟ್ಟೆವು. ಬೆಲ್ಲ ಸಕ್ಕರೆಗಿಂತ ಬೇಗ ಹೊತ್ತುವಂಥದು. ಒಂದು ತಾಟು ಬಿಸ್ಕಿಟು ಇದ್ದಿಲಾಯಿತು. ಬಿಸಿಯಲ್ಲಿ ಅದು ಮೆತ್ತಗೇ ಇರುತ್ತದೆ. ತಾಟನ್ನು ಹೊರಗಿಟ್ಟು ಕಾಲು ಗಂಟೆ ಮುಟ್ಟದೆ ಬಿಟ್ಟರೆ ತಾನೇ ಬಿಗಿಯುತ್ತದೆ.

ಪೂರ್ತಿ ಆರಿದ ಮೇಲೆ ಒಣ ಡಬ್ಬಿಯಲ್ಲಿ ತುಂಬಿರಿ. ವಾರ ಹತ್ತು ದಿನ ಚೆನ್ನಾಗಿರುತ್ತದೆ. ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿತೆಂದು ತಿಳಿಯಿರಿ. ಶೇಂಗಾ ತಿಂದರೆ ಮೈಮೇಲೆ ದದ್ದು ಏಳುವ, ಉಸಿರು ಕಟ್ಟುವ ಮಕ್ಕಳಿದ್ದಾರೆ; ಅಂಥವರಿಗೆ ಇದನ್ನು ಕೊಡಲೇಬಾರದು.

ಬರುವ ಸುಗ್ಗಿಗೆ

ಒಳ್ಳೆಯ ಕಾಳು ಕಣದಲ್ಲೇ ಸಿದ್ಧವಾಗಬೇಕು. ಕೊನೆಯ ಮೂರು ನಾಲ್ಕು ವಾರ ಮಳೆ ಕೈಕೊಟ್ಟರೆ ಕಾಯಿ ಬಿರಿದು ಬೂಷ್ಟು ಮಣ್ಣಿನಲ್ಲೇ ಒಳಸೇರುತ್ತದೆ. ಬಾವಿಯ ನೀರೋ ಮುಂಡರಗಿ ಕಡೆ ತುಂಗಭದ್ರೆಯ ನೀರೋ ಸಿಗುವವರು ಆಗ ಒಂದು ನೀರು ಹಾಯಿಸಿದರೂ ಲಾಭವೇ. ಬೆಳೆ ಬಲಿತ ಮೇಲೆ ಕೀಳಲು ತಡಮಾಡಬಾರದು. ಕಿತ್ತ ಬಳ್ಳಿಯನ್ನು ಬೋರಲು ಹಾಕಿ, ಕಾಯಿಗೆ ಗಾಳಿ ಬಿಸಿಲು ತಾಗುವಂತೆ ಒಣಗಿಸಿರಿ. ಹಸಿಯಾಗಿದ್ದಾಗ ಬಣವೆ ಒಟ್ಟಬೇಡಿರಿ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಕಾಳು ಗಲಗಲ ಎನ್ನಬೇಕು, ಬೆರಳಲ್ಲಿ ಉಜ್ಜಿದರೆ ಕಾಳಿನ ಸಿಪ್ಪೆ ಸುಲಿಯಬೇಕು. ತೇವ ನೂರಕ್ಕೆ ಎಂಟು ಒಂಬತ್ತಕ್ಕೆ ಇಳಿದ ಗುರುತು ಇದು.

ಒಡೆಯಲು ಸುಲಭವೆಂದು, ತೂಕ ಹೆಚ್ಚುವುದೆಂದು ಕಾಯಿಗೆ ನೀರು ಚಿಮುಕಿಸುವವರಿದ್ದಾರೆ. ಆರು ತಿಂಗಳ ದುಡಿತವನ್ನು ಒಂದು ಕೊಡ ನೀರಿನಲ್ಲಿ ಹಾಳುಮಾಡುವ ಕೆಲಸ ಅದು. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಒಟ್ಟಿರಿ.

ಪೇಟೆಗೆ ಗಾಡಿ ಹೂಡುವ ಮುಂಚೆ, ಟ್ರ್ಯಾಕ್ಟರು ತುಂಬುವ ಮುಂಚೆ, ಮೊದಲ ದರ್ಜೆಯ ಕಾಯಿಯ ಒಂದು ಚೀಲವನ್ನು ಮನೆಗೆಂದು ಗುರುತು ಹಾಕಿ ಬೇರೆ ಇರಿಸಿರಿ. ಮನೆಯ ಹೆಣ್ಣುಮಕ್ಕಳನ್ನೇ ಕರೆದು ಆರಿಸಲು ಹೇಳಿರಿ. ಅದು ಯಾವುದಕ್ಕೆ ಬೇಕೆಂದು ಬಲ್ಲವರು ಅವರು. ಸಿಪ್ಪೆಯಲ್ಲಿರುವ ಕಾಳು ಬಹಳ ದಿನ ತಾಳುತ್ತದೆ, ಒಡೆದದ್ದು ತಾಳುವುದಿಲ್ಲ. ವಾರಕ್ಕೆ ಎಷ್ಟು ಬೇಕೋ ಅಷ್ಟನ್ನೇ ಒಡೆದುಕೊಂಡು, ಚೀಲದ ಬಾಯಿ ಮತ್ತೆ ಕಟ್ಟಿಡಿರಿ.