ಮುಚ್ಚಿದ ಪೆಟ್ರೋಲ್ ಬಂಕ್, ಪಕ್ಕದ ಮನೆಯ ಬಾವಿ

ಊರು ಬೆಳೆದಂತೆ ಹಳೆಯ ಪೆಟ್ರೋಲ್ ಬಂಕುಗಳು ಮುಚ್ಚುತ್ತವೆ. ಆ ಜಾಗದಲ್ಲಿ ಅಂಗಡಿ ಸಾಲು, ಕಲ್ಯಾಣ ಮಂಟಪ, ವಸತಿ ಸಮುಚ್ಚಯ ಏಳುತ್ತವೆ. ಪಂಪುಗಳನ್ನು ಕಿತ್ತೊಯ್ದದ್ದು ಎಲ್ಲರಿಗೂ ಕಾಣುತ್ತದೆ. ಆದರೆ ನೆಲದಡಿ ಹೂತಿಟ್ಟಿದ್ದ ಟ್ಯಾಂಕು ಏನಾಯಿತು, ಅದು ಸೋರುತ್ತಿತ್ತೇ ಎಂದು ಕೇಳುವವರು ಕಡಿಮೆ. ಪಕ್ಕದಲ್ಲೇ ಬಾವಿ ಅಥವಾ ಕೊಳವೆ ಬಾವಿಯ ನೀರು ಕುಡಿಯುವ ಮನೆಗಳಿದ್ದರೆ ಇದು ಕೇಳಲೇಬೇಕಾದ ಪ್ರಶ್ನೆ.

ಸೋರಿದ ಮೇಲೆ ಏನಾಗುತ್ತದೆ?

ಹಳೆಯ ಟ್ಯಾಂಕುಗಳು ಸಾಮಾನ್ಯವಾಗಿ ಒಂದೇ ಪದರದ ಉಕ್ಕಿನವು. ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಇದ್ದರೆ ಅವು ತುಕ್ಕು ಹಿಡಿಯುತ್ತವೆ. ಸೂಜಿಮೊನೆಯಷ್ಟು ತೂತಾದರೂ ಸಾಕು. ದಿನಕ್ಕೆ ಒಂದು ಲೀಟರ್ ಸೋರಿದರೆ ವರ್ಷಕ್ಕೆ 365 ಲೀಟರ್ ಆಯಿತು. ಪೆಟ್ರೋಲು ಮಣ್ಣಿನಲ್ಲಿ ಇಳಿದು ಅಂತರ್ಜಲವನ್ನು ಮುಟ್ಟುತ್ತದೆ. ನೀರಿಗಿಂತ ಹಗುರವಾದ್ದರಿಂದ ಅದು ಮೇಲೆ ತೇಲುತ್ತದೆ. ಆದರೆ ಅದರಲ್ಲಿರುವ ಬೆಂಜೀನ್, ಟೊಲ್ಯೂಯಿನ್ ಮುಂತಾದ ರಾಸಾಯನಿಕಗಳು ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಕರಗಿ, ನೀರು ಹರಿಯುವ ದಿಕ್ಕಿನಲ್ಲಿ ಸಾಗುತ್ತವೆ.

ಅಮೆರಿಕದ ಸಾಂಟಾ ಮೋನಿಕಾ ನಗರದ ಅನುಭವ ನೋಡಿ. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಬಂಕುಗಳ ಟ್ಯಾಂಕು ಮತ್ತು ಕೊಳವೆಗಳಿಂದ ಸೋರಿ ಕುಡಿಯುವ ನೀರಿನ ಬಾವಿಗಳನ್ನು ಸೇರಿತ್ತು. 1996ರಲ್ಲಿ ಬಾವಿಗಳನ್ನು ಮುಚ್ಚಿದಾಗ ಆ ನಗರ ತನ್ನ ನೀರಿನಲ್ಲಿ ಸುಮಾರು ಅರ್ಧದಷ್ಟನ್ನು ಕಳೆದುಕೊಂಡು, ಹೊರಗಿನಿಂದ ನೀರು ಕೊಳ್ಳಬೇಕಾಯಿತು. ಅಲ್ಲಿನ ಮುಖ್ಯ ಬಾವಿಗಳ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸಲು ಸುಮಾರು ಹದಿನಾಲ್ಕು ವರ್ಷ ಹಿಡಿಯಿತು. ಇದು ಅಲ್ಲಿಗೊಂದೇ ಊರಿನ ಕಥೆಯೂ ಅಲ್ಲ. 1984ರಲ್ಲಿ ಟ್ಯಾಂಕುಗಳ ತಪಾಸಣೆಗೆ ಕಾನೂನು ಬಂದ ಮೇಲೆ ಆ ದೇಶದಲ್ಲಿ 5 ಲಕ್ಷಕ್ಕೂ ಹೆಚ್ಚು ಸೋರಿಕೆಗಳು ದೃಢಪಟ್ಟಿವೆ.

ದೇಹಕ್ಕೇನು ಅಪಾಯ?

ಇವುಗಳಲ್ಲಿ ಮುಖ್ಯ ಶತ್ರು ಬೆಂಜೀನ್. ದೀರ್ಘಕಾಲ ದೇಹ ಸೇರಿದರೆ ಅದು ರಕ್ತ ತಯಾರಾಗುವ ಅಸ್ಥಿಮಜ್ಜೆಯನ್ನು ಕುಗ್ಗಿಸುತ್ತದೆ. ರಕ್ತಹೀನತೆ, ಪದೇ ಪದೇ ಸೋಂಕು, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುವುದು ಇದರ ಲಕ್ಷಣಗಳು. ರಕ್ತದ ಕ್ಯಾನ್ಸರಿಗೂ ಅದು ಕಾರಣವಾಗುತ್ತದೆಂದು ಸಿದ್ಧವಾಗಿದೆ. ಹಾಗೆಂದು ರಕ್ತಹೀನತೆ ಇದ್ದವರೆಲ್ಲ ಬಾವಿಯನ್ನು ದೂರಬೇಕಿಲ್ಲ. ನಮ್ಮಲ್ಲಿ ಕಬ್ಬಿಣದ ಕೊರತೆಯೇ ಅದಕ್ಕೆ ಹೆಚ್ಚು ಸಾಮಾನ್ಯವಾದ ಕಾರಣ.

ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೆಟ್ರೋಲಿನಲ್ಲಿ ನೂರಕ್ಕೆ ಒಂದು ಪಾಲು ಬೆಂಜೀನ್ ಇದೆ ಎಂದುಕೊಂಡು ಲೆಕ್ಕ ಹಾಕಿದರೆ, ಒಂದೇ ಲೀಟರ್ ಪೆಟ್ರೋಲಿನ ಬೆಂಜೀನ್ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಈ ಮಿತಿಗೆ ತರಬಲ್ಲದು!

ಇಲ್ಲಿ ನಮ್ಮ ಮೂಗು, ನಾಲಿಗೆಗಳನ್ನು ನಂಬುವಂತಿಲ್ಲ. ಬೆಂಜೀನಿನ ರುಚಿ ತಿಳಿಯುವುದು ಈ ಮಿತಿಯ ಹತ್ತಾರು ಪಟ್ಟು ಮೀರಿದ ಮೇಲೆ. ವಾಸನೆ ಬಂದರೆ ಆ ನೀರನ್ನು ಕುಡಿಯಬೇಡಿ. ವಾಸನೆ ಇಲ್ಲವೆಂದು ನಿಶ್ಚಿಂತರೂ ಆಗಬೇಡಿ.

ನೆಲದ ತಪಾಸಣೆ

ನಾವು ವೈದ್ಯರು ರೋಗಿಯನ್ನು ಪರೀಕ್ಷಿಸುವ ಕ್ರಮದಲ್ಲೇ ತಜ್ಞರು ನೆಲವನ್ನೂ ಪರೀಕ್ಷಿಸುತ್ತಾರೆ. ಮೊದಲು ಪೂರ್ವ ಚರಿತ್ರೆ. ಹಳೆಯ ಲೈಸೆನ್ಸು, ನಕ್ಷೆಗಳನ್ನು ನೋಡಿ, ಅಕ್ಕಪಕ್ಕದ ಹಿರಿಯರನ್ನು ಕೇಳಿ ಟ್ಯಾಂಕು ಎಲ್ಲಿತ್ತೆಂದು ತಿಳಿಯುತ್ತಾರೆ. ಅನಂತರ ರೇಡಾರಿನಂಥ ಉಪಕರಣದಿಂದ ಅದು ಇನ್ನೂ ಅಲ್ಲೇ ಇದೆಯೇ ಎಂದು ಹುಡುಕುತ್ತಾರೆ. ಟ್ಯಾಂಕು, ಕೊಳವೆ ಇದ್ದ ಕಡೆ ರಂಧ್ರ ಕೊರೆದು ಬೇರೆ ಬೇರೆ ಆಳದ ಮಣ್ಣು ತೆಗೆಯುತ್ತಾರೆ. ಕೊನೆಗೆ ಕನಿಷ್ಠ ಮೂರು ಕಡೆ ಸಣ್ಣ ಬಾವಿ ಕೊರೆಯುತ್ತಾರೆ. ಮೂರರ ನೀರಿನ ಮಟ್ಟ ಹೋಲಿಸಿದರೆ ನೀರು ಯಾವ ಕಡೆ ಹರಿಯುತ್ತಿದೆ, ಯಾರ ಮನೆಯ ಬಾವಿಗೆ ಅಪಾಯ ಎಂದು ತಿಳಿಯುತ್ತದೆ. ಬಂಕು 2000ಕ್ಕಿಂತ ಹಳೆಯದಾದರೆ ಸೀಸವನ್ನೂ ಪರೀಕ್ಷಿಸಬೇಕು. ಆ ವರ್ಷದವರೆಗೆ ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟದಲ್ಲಿತ್ತು.

ನೀವೇನು ಮಾಡಬೇಕು?

* ನಿವೇಶನ ಕೊಳ್ಳುವ ಮುನ್ನ ಅಲ್ಲಿ ಅಥವಾ ಪಕ್ಕದಲ್ಲಿ ಬಂಕು, ಗ್ಯಾರೇಜು, ಬಸ್ ಡಿಪೋ ಇತ್ತೇ ಎಂದು ವಿಚಾರಿಸಿ.

* ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್, ರೋಗಾಣು ಇವನ್ನು ನೋಡುತ್ತಾರೆ. ಬೆಂಜೀನ್ ಮತ್ತು ಅದರ ಜೊತೆಯ ಪೆಟ್ರೋಲ್ ಅಂಶಗಳ ಪರೀಕ್ಷೆಯನ್ನು ಬೇರೆಯಾಗಿಯೇ ಕೇಳಬೇಕು. ಇವು ಬೇಗ ಆವಿಯಾಗುವುದರಿಂದ ಪ್ರಯೋಗಾಲಯದವರೇ ಕೊಡುವ ಗಾಜಿನ ಶೀಶೆಯಲ್ಲಿ, ಗಾಳಿಗುಳ್ಳೆ ಉಳಿಯದಂತೆ ತುಂಬಿ, ತಂಪಾಗಿಟ್ಟು ಒಯ್ಯಬೇಕು.

* ಪೆಟ್ರೋಲ್ ಸೇರಿದ ನೀರನ್ನು ಕುದಿಸಿ ಶುದ್ಧ ಮಾಡಲು ಹೋಗಬೇಡಿ. ಆವಿಯಾದ ವಿಷ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಯುವಿ ದೀಪದ ಯಂತ್ರ ರೋಗಾಣುಗಳಿಗೆ ಮಾತ್ರ. ಇದ್ದಿಲಿನ ಫಿಲ್ಟರ್ ಸ್ವಲ್ಪ ಕಾಲ ಬೆಂಜೀನನ್ನು ಹಿಡಿದಿಟ್ಟರೂ ತುಂಬಿದ ಮೇಲೆ ಬಿಟ್ಟುಬಿಡುತ್ತದೆ.

* ಬಾವಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಬೆಂಕಿಕಡ್ಡಿ ಗೀರಬೇಡಿ, ಯಾರನ್ನೂ ಇಳಿಸಬೇಡಿ. ಆವಿ ಹೊತ್ತಿಕೊಳ್ಳಬಹುದು, ಉಸಿರುಕಟ್ಟಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ.

* ಅಂಥ ನೀರನ್ನು ಬಹುಕಾಲ ಕುಡಿದಿದ್ದರೆ ಮನೆಮಂದಿಯೆಲ್ಲ ರಕ್ತಕಣಗಳ ಎಣಿಕೆ ಮಾಡಿಸಿ ವೈದ್ಯರಿಗೆ ತೋರಿಸಿ. ವರದಿ ಸರಿಯಿದ್ದರೆ ಸಂತೋಷ. ಆದರೆ ನೀರು ಚೆನ್ನಾಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಹೊಸ ಬಂಕುಗಳು ಮನೆ, ಶಾಲೆ, ಆಸ್ಪತ್ರೆಗಳಿಂದ 50 ಮೀಟರ್ ದೂರವಿರಬೇಕು, ಹೆಚ್ಚಿನ ಸುರಕ್ಷತಾ ಕ್ರಮಗಳಿದ್ದರೂ 30 ಮೀಟರಿಗಿಂತ ಹತ್ತಿರ ಬರಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಸೂಚಿಸಿದೆ. ಅದಕ್ಕೂ ಮೊದಲೇ ಬಂದು, ಮುಚ್ಚಿಹೋದ ಬಂಕುಗಳ ವಿಷಯದಲ್ಲಿ ಎಚ್ಚರ ವಹಿಸಬೇಕಾದವರು ನಾವೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಗಾದೆ. ಕಣ್ಣಿಗೆ ಕಾಣದ ನೆಲದಡಿಯ ವಿಷಯದಲ್ಲಂತೂ ಪರೀಕ್ಷೆಯಿಲ್ಲದೆ ಏನನ್ನೂ ನಂಬಬಾರದು.