ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯ ವಿಷಯ

ಮನೆವಾರ್ತೆಯ ಲೆಕ್ಕ ತಿಳಿದರೆ ಹೆಣ್ಣುಮಕ್ಕಳಿಗೆ ಸಾಲದೇ, ಯಾವ ಉಪಯೋಗಕ್ಕೂ ಬಾರದ ಸಂಖ್ಯೆಗಳ ಗುಣಗಳನ್ನು ಅವರಿಗೆ ಏಕೆ ಕಲಿಸಬೇಕು, ಎಂದು ಕೇಳುವ ಹೆತ್ತವರು ಈಗಲೂ ಕೆಲವರು ಇರುವರು. ಅವರಿಗೆ ಉತ್ತರವಾಗಿ ಒಂದೇ ಒಂದು ಸಂಖ್ಯೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆನು.

ಒಂದರಿಂದಲೂ ತನ್ನಿಂದಲೂ ಹೊರತು ಬೇರೆ ಯಾವ ಪೂರ್ಣಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗಿಸಲ್ಪಡದ, ಒಂದಕ್ಕಿಂತ ದೊಡ್ಡದಾದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆಯೆಂದು ಹೆಸರು. 2, 3, 5, 7 ಎಂಬಿವು ಇಂಥವೆಂಬುದು ನಮ್ಮ ವಿದ್ಯಾರ್ಥಿನಿಯರೆಲ್ಲರಿಗೂ ನೆನಪಿರಬಹುದು. 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ 1ನ್ನು ಕಳೆದರೆ 2,14,74,83,647 ದೊರೆಯುವುದು. ಇದು ಅವಿಭಾಜ್ಯವೋ ಅಲ್ಲವೋ?

ಅಹುದೆಂದು ಫ್ರಾನ್ಸ್ ದೇಶದ ಮೆರ್ಸೆನ್ ಎಂಬ ಸನ್ಯಾಸಿಯು 1644ರಲ್ಲಿಯೇ ಬರೆದನು. ಆದರೆ 67 ಎರಡುಗಳಿಂದ ಇದೇ ರೀತಿಯಾಗಿ ಹುಟ್ಟುವ ಸಂಖ್ಯೆಯನ್ನೂ ಅವನು ಅದೇ ಪಟ್ಟಿಯಲ್ಲಿ ಸೇರಿಸಿದ್ದನು. ಅದು ಅವಿಭಾಜ್ಯವಲ್ಲವೆಂದು ಮುಂದೆ ತಿಳಿದುಬಂದಿತು. ಆದುದರಿಂದ ದೊಡ್ಡವರ ಮಾತಾದರೂ ಪ್ರಮಾಣವಿಲ್ಲದೆ ನಿಲ್ಲಲಾರದು.

ಆ ಪ್ರಮಾಣವನ್ನು ಒದಗಿಸಿದವನು ಆಯ್ಲರನು. 1772ರಲ್ಲಿ ಅವನ ಕಣ್ಣುಗಳು ಬಹುತೇಕ ಕಾಣದೆ ಹೋಗಿದ್ದುವು. ಒಂದು ಸಂಖ್ಯೆಯನ್ನು ಭಾಗಿಸಬಲ್ಲವು ಇದ್ದರೆ, ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲವನ್ನು ಮೀರದೆ ಇರಲೇಬೇಕು. ಇಲ್ಲಿ ಆ ಮಿತಿಯು 46,340. ಅಷ್ಟರೊಳಗೆ ನಾಲ್ಕು ಸಾವಿರಕ್ಕಿಂತ ಹೆಚ್ಚು ಅವಿಭಾಜ್ಯ ಸಂಖ್ಯೆಗಳು ಇರುವುವು. ಅವೆಲ್ಲವನ್ನೂ ಪರೀಕ್ಷಿಸುವ ಅಗತ್ಯವಿಲ್ಲವೆಂದು ಆಯ್ಲರನು ಕಂಡನು. ಈ ಸಂಖ್ಯೆಯನ್ನು ಭಾಗಿಸಬಲ್ಲ ಯಾವ ಅವಿಭಾಜ್ಯವಾದರೂ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷವನ್ನೇ ಕೊಡಬೇಕು. ಅಂಥ ಸಂಖ್ಯೆಗಳು ಆ ಮಿತಿಯೊಳಗೆ ನಾಲ್ಕು ನೂರು ಕೂಡ ಇಲ್ಲ. ಅವುಗಳಲ್ಲಿ ಅವಿಭಾಜ್ಯವಾದುವನ್ನು ಮಾತ್ರ ನೋಡಿದರೆ ಸಾಕು. ಮೊದಲನೆಯದು 311, ಅದರಿಂದ ಭಾಗಿಸಿದರೆ 35 ಉಳಿಯುವುದು. ಹೀಗೆ ಒಂದೊಂದರಲ್ಲಿಯೂ ಶೇಷವು ಉಳಿಯಿತು. ಸಂಖ್ಯೆಯು ಅವಿಭಾಜ್ಯವೆಂದು ಸಿದ್ಧವಾಯಿತು.

ಈ ಸಂಖ್ಯೆಗೆ ಇನ್ನೊಂದು ಗುಣವುಂಟು. 6ನ್ನು ಭಾಗಿಸುವ 1, 2, 3 ಇವುಗಳ ಮೊತ್ತವು 6ೇ ಆಗಿರುವಂತೆ, ತನ್ನ ಭಾಜಕಗಳ ಮೊತ್ತಕ್ಕೆ ತಾನೇ ಸಮನಾದುದನ್ನು ಪರಿಪೂರ್ಣ ಸಂಖ್ಯೆ ಎನ್ನುವರು. ನಮ್ಮ ಸಂಖ್ಯೆಯನ್ನು 30 ಎರಡುಗಳ ಗುಣಲಬ್ಧದಿಂದ ಗುಣಿಸಿದರೆ ಅಂಥದೊಂದು ದೊರೆಯುವುದು. ಇಂಗ್ಲೆಂಡಿನ ಬಾರ್ಲೋ ಎಂಬವನು 1811ರಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯು ಎಂದಿಗೂ ದೊರೆಯಲಾರದು, ಇವು ಕುತೂಹಲಕ್ಕೇ ಹೊರತು ಉಪಯೋಗಕ್ಕಲ್ಲವಾದುದರಿಂದ ಯಾರೂ ಹುಡುಕಲಾರರು, ಎಂಬರ್ಥದಲ್ಲಿ ಬರೆದನು. ಆದರೆ 1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಪಂಡಿತನು 39 ಅಂಕಗಳ ಅವಿಭಾಜ್ಯವನ್ನು ಸಿದ್ಧಪಡಿಸಿದನು. 2024ರಲ್ಲಿ ದೊರೆತುದಕ್ಕೆ 4,10,24,320 ಅಂಕಗಳಿವೆ.

ಉಪಯೋಗದ ಮಾತಾದರೋ, 1977ರಲ್ಲಿ ಮೂವರು ವಿದ್ವಾಂಸರು ದೊಡ್ಡ ಅವಿಭಾಜ್ಯ ಸಂಖ್ಯೆಗಳೆರಡನ್ನು ಗುಣಿಸಿ ಗುಪ್ತಸಂದೇಶಗಳಿಗೆ ಬೀಗವನ್ನು ಮಾಡಿದರು. ಗುಣಿಸುವುದು ಸುಲಭ, ಗುಣಲಬ್ಧವನ್ನು ಬಿಡಿಸುವುದು ಅತಿ ಕಷ್ಟ ಎಂಬುದೇ ಆ ಬೀಗದ ಬಲ.

ಆದುದರಿಂದ, ಹೆತ್ತವರೇ, ಯಾವ ಪಾಠವು ಯಾವ ಕಾಲದಲ್ಲಿ ಫಲಿಸುವುದೆಂದು ನಾವು ಮುಂದಾಗಿ ಹೇಳಲಾರೆವು. ನಿಮ್ಮ ಮಗಳು ಲೆಕ್ಕದ ಮುಂದೆ ಕುಳಿತು 'ಇದು ನಿಜವೆಂದು ಹೇಗೆ ಗೊತ್ತು?' ಎಂದು ಕೇಳಿದರೆ, ಅವಳನ್ನು ಸುಮ್ಮನಿರಿಸಬೇಡಿರಿ. ಒಂದು ಕಾಗದವನ್ನೂ ಸೀಸದಕಡ್ಡಿಯನ್ನೂ ಕೊಡಿರಿ.