ಗಾಜಿನ ಮೇಲಿಟ್ಟ ಕಾಗದ

ಚಿಂಚೋಳಿ ತಾಲ್ಲೂಕಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಪ್ರವೇಶಾತಿ ಶುರುವಾದರೆ ಸಾಕು, ಮೂಲೆಯ ಸ್ಕ್ಯಾನರ್ ಮುಂದೆ ಹುಡುಗರು ಪಾಳಿ ಹಚ್ಚುತ್ತಾರೆ. ಚಂದ್ರಂಪಳ್ಳಿ ಅಣೆಕಟ್ಟೆಯ ಸುತ್ತಲಿನ ಹಳ್ಳಿ, ತಾಂಡಾಗಳಿಂದ ಬರುವವರ ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಮತ್ತೆ ನಮ್ಮ ಭಾಗಕ್ಕಷ್ಟೇ ಇರುವ 371ಜೆ ಪ್ರಮಾಣಪತ್ರ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಮೀಸಲಾತಿ ಸೌಲಭ್ಯಕ್ಕಾಗಿ ಸೇಡಂನ ಸಹಾಯಕ ಆಯುಕ್ತರ ಕಚೇರಿವರೆಗೆ ಓಡಾಡಿ ತಂದ ಕಾಗದವದು. ಅಪ್ಪ ಅವ್ವ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋಗಿದ್ದಾಗ ಅದು ಕಳೆದರೆ ಮತ್ತೆ ತರುವವರು ಯಾರು?

ಅದಕ್ಕೇ ನನ್ನದೊಂದು ಹಟ. ಸ್ಕ್ಯಾನ್ ನಾನು ಮಾಡಿಕೊಡುವುದಿಲ್ಲ, ಅವರ ಕೈಯಿಂದಲೇ ಮಾಡಿಸುತ್ತೇನೆ. ಇಲ್ಲಿ ಒಮ್ಮೆ ಕಲಿತ ಹುಡುಗಿ ಮುಂದೆ ವಿದ್ಯಾರ್ಥಿವೇತನದ ಅರ್ಜಿಗೆ, ನೌಕರಿಯ ಅರ್ಜಿಗೆ ನೆಟ್ ಸೆಂಟರಿನವರ ಮರ್ಜಿ ಕಾಯಬೇಕಿಲ್ಲ.

ಯಂತ್ರದ ಕೆಲಸ ಸರಳ. ಗಾಜಿನ ಕೆಳಗೆ ಒಂದು ಬೆಳಕಿನ ಪಟ್ಟಿ ಮೆಲ್ಲಗೆ ಸರಿಯುತ್ತದೆ. ಬಿಳಿ ಹಾಳೆ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಮಸಿ ಕಡಿಮೆ ಕಳಿಸುತ್ತದೆ. ಆ ವ್ಯತ್ಯಾಸವನ್ನು ಸೆನ್ಸರ್ ಸಾಲು ಸಾಲಾಗಿ ಅಳೆದು ಚುಕ್ಕಿಗಳಾಗಿ ಬರೆದಿಡುತ್ತದೆ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ತನ್ನ ಎಳೆಗೂಸಿನ ಫೋಟೊವನ್ನು ಮೊದಲ ಬಾರಿ ಹೀಗೆ ಕಂಪ್ಯೂಟರಿಗೆ ಇಳಿಸಿದಾಗ ಉದ್ದಕ್ಕೆ 176, ಅಗಲಕ್ಕೆ 176 ಚುಕ್ಕಿ ಮಾತ್ರ ಸಿಕ್ಕಿದ್ದವು. ಇಂದು ಎ4 ಹಾಳೆಯೊಂದನ್ನು 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿಯಂತೆ ತೆಗೆದರೆ ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. ಬಣ್ಣದಲ್ಲಾದರೆ ಒಂದೊಂದು ಚುಕ್ಕಿಗೂ ಮೂರು ಬೈಟ್, ಒಟ್ಟು 26 ಎಂಬಿ. ಜೆಪೆಗ್ ಮಾಡಿದಾಗ ಅದು ಬಹಳ ಕುಗ್ಗುತ್ತದೆ, ನಿಜ. ಆದರೂ ಅರ್ಜಿಯ ಪುಟ ಕೇಳುವ ಕೆಲವೇ ನೂರು ಕೆಬಿಯೊಳಗೆ ಹಿಡಿಸುವುದಿಲ್ಲ.

“ಮೇಡಂರಿ, ಫೈಲ್ ದೊಡ್ಡದಾಗ್ಯದ ಅಂತ ತೋರ್ಸ್ಲಾಕತ್ತದ ನೋಡ್ರಿ” ಎಂಬ ಮಾತು ಹುಟ್ಟುವುದು ಇಲ್ಲೇ. ಗಾಬರಿಯಾದವರು ತಕ್ಷಣ 75 ಡಿಪಿಐಗೆ ಇಳಿಸಿಬಿಡುತ್ತಾರೆ. ಫೈಲ್ ಸಣ್ಣದಾಗುತ್ತದೆ, ಜೊತೆಗೆ ನೋಂದಣಿ ಸಂಖ್ಯೆಯ 3 ಯಾವುದು 8 ಯಾವುದು ತಿಳಿಯದಂತಾಗುತ್ತದೆ, ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ. ನಾನು ಹೇಳುವುದಿಷ್ಟು: ಮೊದಲು 300ರಲ್ಲಿ, ಬಣ್ಣದಲ್ಲಿ ಒಂದು ಪ್ರತಿ ತೆಗೆದು ಜೋಪಾನವಾಗಿಡಿ. ಅರ್ಜಿಗೆ ಬೇಕಾದ ಸಣ್ಣ ಪ್ರತಿಯನ್ನು ಅದರಿಂದ ಬೇರೆ ಮಾಡಿಕೊಳ್ಳಿ. ಡಿಪಿಐ ಅರ್ಧಕ್ಕಿಳಿಸಿದರೆ ಚುಕ್ಕಿಗಳು ಕಾಲು ಭಾಗಕ್ಕಿಳಿಯುತ್ತವೆ, ಆದ್ದರಿಂದ 150ಕ್ಕೆ ಇಳಿಸಿದರೇ ಬಹುಪಾಲು ಕೆಲಸ ಆಗುತ್ತದೆ. ಬಣ್ಣ ಯಾಕೆಂದರೆ, ಬರೀ ಕಪ್ಪು-ಬಿಳುಪಿನಲ್ಲಿ ತೆಗೆದಾಗ ಮಸುಕಾದ ನೇರಳೆ ಮೊಹರು ಪೂರ್ತಿ ಮಾಯವಾಗಬಹುದು.

ಮೊಬೈಲಿನಲ್ಲೇ ಫೋಟೊ ಹೊಡೆದರಾಗದೇ ಎಂದು ಕೇಳುವವರಿದ್ದಾರೆ. ಅವಸರಕ್ಕೆ ಆದೀತು. ಲ್ಯಾಮಿನೇಷನ್ ಮಾಡಿಸಿದ ಅಂಕಪಟ್ಟಿಯ ಮೇಲೆ ಟ್ಯೂಬ್‌ಲೈಟ್ ಹೊಳೆದು ಅರ್ಧದಷ್ಟು ಅಂಕಗಳೇ ಕಾಣದಿರುವುದನ್ನು ನೋಡಿದ ಮೇಲೆ ಅವರೇ ಪಾಳಿಗೆ ಬಂದು ನಿಲ್ಲುತ್ತಾರೆ. ಡಿಜಿಲಾಕರಿನಲ್ಲಿ ಸಿಗುವ ದಾಖಲೆಗಳಿಗೆ ಈ ಪಾಡೇ ಬೇಡ.

ವಾಡಿ, ಶಹಾಬಾದ, ಸೇಡಂ ಕಡೆಯ ಲ್ಯಾಬಿನವರಿಗೆ ಧೂಳಿನದು ಬೇರೆ ಕಾಟ. ಸಿಮೆಂಟಿನ ಪುಡಿ, ಫರ್ಸಿ ಗಣಿಯ ಪುಡಿ ಕಿಟಕಿ ಸಂದಿಯಿಂದ ಒಳಗೆ ಬರುತ್ತಲೇ ಇರುತ್ತದೆ. ಗಾಜಿನ ಮೇಲಿನ ಒಂದು ಕಣ ಪ್ರತಿ ಪುಟದ ಮೇಲೂ ಅದೇ ಜಾಗದಲ್ಲಿ ಚುಕ್ಕಿಯಾಗಿ ಕೂರುತ್ತದೆ. ಹಾಳೆಯನ್ನು ತಾನೇ ಎಳೆದುಕೊಳ್ಳುವ ಯಂತ್ರದಲ್ಲಾದರೆ ಅದೇ ಕಣ ಪುಟದುದ್ದಕ್ಕೂ ಗೆರೆ ಎಳೆಯುತ್ತದೆ, ಯಾಕೆಂದರೆ ಅಲ್ಲಿ ಸೆನ್ಸರ್ ನಿಂತಿರುತ್ತದೆ, ಚಲಿಸುವುದು ಹಾಳೆ. ಮೆತ್ತನೆ ಬಟ್ಟೆಯಿಂದ ಒರೆಸಿ; ನೀರನ್ನಾಗಲಿ ಬೇರೇನನ್ನಾಗಲಿ ನೇರ ಗಾಜಿನ ಮೇಲೆ ಸಿಂಪಡಿಸಬೇಡಿ, ಅಂಚಿನಿಂದ ಒಳಗಿಳಿಯುತ್ತದೆ.

ನನಗೆ ಹೆಚ್ಚು ಮಮತೆ ಇರುವುದು ಅಜ್ಜಂದಿರ ಟ್ರಂಕಿನಿಂದ ಬರುವ ಕಾಗದಗಳ ಮೇಲೆ. ನಮ್ಮ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಕನ್ನಡ ನಾಡನ್ನು ಸೇರಿತು. ಹಾಗಾಗಿ ಎಷ್ಟೋ ಮನೆಗಳ ಹಳೆ ಪಹಣಿ, ಖರೀದಿ ಪತ್ರಗಳು ಉರ್ದುವಿನಲ್ಲಿವೆ. ಮಡಿಕೆ ಬಿದ್ದಲ್ಲೆಲ್ಲ ಹರಿಯುತ್ತಿರುವ ಆ ಹಾಳೆಗಳನ್ನು ಎಳೆದುಕೊಳ್ಳುವ ಯಂತ್ರಕ್ಕೆ ಎಂದೂ ಕೊಡಕೂಡದು. ಚಪ್ಪಟೆ ಗಾಜಿನ ಮೇಲೆ ಬಿಡಿಸಿಟ್ಟು, ಮುಚ್ಚಳವನ್ನು ಹಗುರವಾಗಿ ಇಳಿಸಿ, ಹಿಂಬದಿಯ ಷರಾವನ್ನೂ ಸೇರಿಸಿ ತೆಗೆಯಬೇಕು. ಮನೆಯಲ್ಲಿ ಉರ್ದು ಓದುವವರು ಇಲ್ಲದಿದ್ದರೂ ಸ್ಕ್ಯಾನ್ ಮಾಡಿದ ಪ್ರತಿಯನ್ನು ಓದಬಲ್ಲವರಿಗೆ ಕಳಿಸಬಹುದು, ಮೂಲ ಕಾಗದ ಟ್ರಂಕ್ ಬಿಟ್ಟು ಕದಲಬೇಕಾಗಿಲ್ಲ.

ಲ್ಯಾಬಿನ ಕಂಪ್ಯೂಟರ್ ಎಲ್ಲರದು. ಅಲ್ಲಿ ಉಳಿದ ಆಧಾರ್ ಪ್ರತಿ, ಸಹಿಯ ಫೋಟೊ ಯಾರ ಕೈಗಾದರೂ ಸಿಗಬಹುದು. ಪೆನ್‌ಡ್ರೈವಿಗೋ ಇ-ಮೇಲಿಗೋ ಹಾಕಿಕೊಂಡ ಮೇಲೆ ಫೋಲ್ಡರಿನಿಂದ ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡಿ, ಲಾಗೌಟ್ ಆಗುವವರೆಗೆ ನಾನು ಯಾರನ್ನೂ ಕುರ್ಚಿಯಿಂದ ಏಳಗೊಡುವುದಿಲ್ಲ. ಮೂಲ ಕಾಗದವನ್ನು ಗಾಜಿನ ಮೇಲೇ ಬಿಟ್ಟು ಬಸ್ಸಿಗೆ ಓಡುವವರೂ ಇದ್ದಾರೆ, ಆದ್ದರಿಂದ ಮುಚ್ಚಳ ಎತ್ತಿ ತೋರಿಸಿಯೇ ಹೋಗಬೇಕು.

ಇಲ್ಲಿಂದ ದೂರವಿಲ್ಲದ ಚಿತ್ತಾಪುರದ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಅಲ್ಲಿನ ಘಟಿಕಾಸ್ಥಾನದ, ಅಂದರೆ ಅಂದಿನ ವಿದ್ಯಾಕೇಂದ್ರದ, ಗ್ರಂಥಭಂಡಾರಕ್ಕೆ ಆರು ಜನ ಸರಸ್ವತೀ ಭಂಡಾರಿಗರಿದ್ದರೆಂದು ಅದು ಹೇಳುತ್ತದೆ. ಓದುವ ಮಕ್ಕಳಿರುವಲ್ಲಿ ಬರಹ ಕಾಯುವವರೂ ಸಂಬಳಕ್ಕಿರಬೇಕು ಎಂಬುದು ಈ ನೆಲಕ್ಕೆ ಆಗಲೇ ಗೊತ್ತಿತ್ತು. ನಮ್ಮ ಕಾಲೇಜುಗಳು ಈಗ ಸ್ಕ್ಯಾನರಿಗೆ ಒಬ್ಬರನ್ನಾದರೂ ಗೊತ್ತುಮಾಡಲಿ. ಪಾಠ ಮುಗಿದ ಮೇಲೂ ಕಡೆಯ ಬಸ್ಸಿನ ಹೊತ್ತಿನವರೆಗೆ ಲ್ಯಾಬ್ ತೆರೆದಿಡಲು, ಗಾಜು ಒರೆಸಲು, ಸಂಜೆ ಫೋಲ್ಡರ್ ಖಾಲಿ ಮಾಡಲು ಒಬ್ಬರು ಸಾಕು. ಪ್ರವೇಶಾತಿಯ ವಾರಗಳಲ್ಲಿ ಮಾತ್ರ ಇಬ್ಬರು ಬೇಕು.